ಥ್ರಾಟಲ್ ಸೆನ್ಸರ್ ಸವೆದಾಗ

ಕೇಳುಗರೇ, ನಮಸ್ಕಾರ. ಹಳೆಯ ಪೆಟ್ರೋಲ್ ಪಿಕಪ್ ಟ್ರಕ್ಕುಗಳ ಬಗ್ಗೆ ಒಂದು ದೂರು ಪದೇ ಪದೇ ಕೇಳಿಬರುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದರೆ ಗಾಡಿ ಚೆನ್ನಾಗಿಯೇ ಎಳೆಯುತ್ತದೆ. ಆದರೆ ಪೆಡಲನ್ನು ಹಗುರವಾಗಿ ಒತ್ತಿ ಒಂದೇ ವೇಗದಲ್ಲಿ ಹೋಗುವಾಗ ಜರ್ಕ್ ಹೊಡೆಯುತ್ತದೆ. ಸ್ಪಾರ್ಕ್ ಪ್ಲಗ್, ಫ್ಯುಯೆಲ್ ಫಿಲ್ಟರ್ ಎಲ್ಲ ಬದಲಿಸಿದರೂ ಹೋಗುವುದಿಲ್ಲ. ಇಂಥಲ್ಲಿ ಮೊದಲು ನೋಡಬೇಕಾದದ್ದು ಥ್ರಾಟಲ್ ಪೊಸಿಷನ್ ಸೆನ್ಸರ್, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿ ಎಷ್ಟು ತೆರೆದಿದೆ ಎಂದು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುವ ಭಾಗ.

ಪೆಡಲಿಗೆ ಕಟ್ಟಿದ ಕೇಬಲ್ಲು ಆ ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಬಾಡಿಯೊಳಗಿನ ತಟ್ಟೆಯನ್ನು ತಿರುಗಿಸುತ್ತದೆ. ಆ ತಟ್ಟೆಯ ಶಾಫ್ಟಿನ ತುದಿಗೆ ಈ ಸೆನ್ಸರ್ ಕೂತಿರುತ್ತದೆ. ಒಳಗೆ ಕಾರ್ಬನ್ ಲೇಪನದ ಒಂದು ಪಟ್ಟಿ, ಅದರ ಮೇಲೆ ಉಜ್ಜುತ್ತ ಸರಿಯುವ ಸಣ್ಣ ಲೋಹದ ಬೆರಳು. ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿ ತಿರುಗಿಸಿದಾಗ ಒಂದು ಜಾಗದಲ್ಲಿ ಮಾತ್ರ ಕರಕರ ಅನ್ನುತ್ತದಲ್ಲ, ಇಲ್ಲಿ ಆಗುವುದೂ ಅದೇ. ಗಾಡಿ ತನ್ನ ಆಯುಸ್ಸಿನ ಬಹುಪಾಲು ಥ್ರಾಟಲ್ ಸ್ವಲ್ಪವೇ ತೆರೆದ ಸ್ಥಿತಿಯಲ್ಲಿ ಓಡುವುದರಿಂದ ಪಟ್ಟಿ ಸವೆಯುವುದೂ ಅಲ್ಲೇ. ಬೆರಳು ಆ ಸವೆದ ಜಾಗ ದಾಟುವಾಗ ಸಿಗ್ನಲ್ ಕ್ಷಣಮಾತ್ರ ಬಿದ್ದುಹೋಗುತ್ತದೆ. ಡ್ರೈವರ್ ಕಾಲು ತೆಗೆದ ಎಂದು ಕಂಪ್ಯೂಟರ್ ತಿಳಿದು ಪೆಟ್ರೋಲ್ ಕಡಿಮೆ ಮಾಡುತ್ತದೆ. ಇಷ್ಟು ಚಿಕ್ಕ ಅವಧಿಯ ದೋಷಕ್ಕೆ ಚೆಕ್ ಎಂಜಿನ್ ದೀಪ ಹೊತ್ತದೆಯೂ ಇರಬಹುದು. ದೋಷಗಳನ್ನು ಕೋಡುಗಳಾಗಿ ತಿಳಿಸುವ ಓಬಿಡಿ-2 ವ್ಯವಸ್ಥೆಯಿರುವ ಗಾಡಿಗಳಲ್ಲಿ ಪಿ0121, ಪಿ0122, ಪಿ0123 ಎಂಬ ಕೋಡುಗಳು ಈ ಸರ್ಕ್ಯೂಟಿನವು. ಆದರೆ ಕೋಡ್ ಬಂದ ಮಾತ್ರಕ್ಕೆ ಸೆನ್ಸರೇ ಕೆಟ್ಟಿದೆ ಎಂದಲ್ಲ, ವೈರೂ ಕೆಟ್ಟಿರಬಹುದು.

ಆದ್ದರಿಂದ ಹೊಸದನ್ನು ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಆಫ್, ಇಗ್ನಿಷನ್ ಆನ್. ಕನೆಕ್ಟರನ್ನು ಕಳಚಬೇಡಿ, ಹಿಂಬದಿಯಿಂದ ತೆಳ್ಳನೆಯ ಪಿನ್ನು ತೂರಿಸಿ. ವೈರಿನ ಮೇಲ್ಪದರ ಚುಚ್ಚಿದರೆ ಆ ತೂತಿನಿಂದ ನೀರಿಳಿದು ತಾಮ್ರ ಹಸಿರುಗಟ್ಟುತ್ತದೆ. ಸಾಮಾನ್ಯವಾಗಿ ಮೂರು ವೈರುಗಳಿರುತ್ತವೆ. ಒಂದರಲ್ಲಿ ಸುಮಾರು 5 ವೋಲ್ಟ್ ಇರಬೇಕು. ಇಲ್ಲದಿದ್ದರೆ ತಪ್ಪು ಈ ಸೆನ್ಸರಿನದೆಂದು ಹೇಳಲಾಗದು. ವೈರಿಂಗ್ ಕಡಿದಿರಬಹುದು, ಅಥವಾ ಅದೇ 5 ವೋಲ್ಟ್ ಲೈನಿನಲ್ಲಿರುವ ಇನ್ನೊಂದು ಸೆನ್ಸರ್ ಶಾರ್ಟ್ ಆಗಿರಬಹುದು. ಎರಡನೆಯದು ಅರ್ತ್. ಅದಕ್ಕೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಸರಿಯಿಲ್ಲ. ಮೂರನೆಯದು ಸಿಗ್ನಲ್. ಬಹುತೇಕ ಗಾಡಿಗಳಲ್ಲಿ ಥ್ರಾಟಲ್ ಮುಚ್ಚಿದಾಗ 0.5ರಿಂದ 0.9 ವೋಲ್ಟ್, ಪೂರ್ತಿ ತೆರೆದಾಗ 4 ವೋಲ್ಟಿಗಿಂತ ಮೇಲೆ. ನಿಮ್ಮ ಗಾಡಿಯ ನಿಖರ ಅಂಕಿಯನ್ನು ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲೇ ನೋಡಿ.

ಈಗ ಮುಖ್ಯ ಪರೀಕ್ಷೆ. ಥ್ರಾಟಲ್ ಲಿವರನ್ನು ಕೈಯಿಂದ ಮುಚ್ಚಿದ ಸ್ಥಿತಿಯಿಂದ ಪೂರ್ತಿಯವರೆಗೆ ನಿಧಾನವಾಗಿ, ಹತ್ತು ಸೆಕೆಂಡಾದರೂ ತೆಗೆದುಕೊಂಡು ತಿರುಗಿಸಿ. ವೋಲ್ಟೇಜ್ ಒಂದೇ ಸಮನೆ ಏರಬೇಕು. ಡಿಜಿಟಲ್ ಮೀಟರ್ ಚಿಕ್ಕ ಕುಸಿತಗಳನ್ನು ನುಂಗಿಬಿಡುತ್ತದೆ. ಈ ಕೆಲಸಕ್ಕೆ ಮುಳ್ಳಿನ ಮೀಟರೇ ಮೇಲು, ಮುಳ್ಳು ನಡುಗಿದ್ದು ಕಣ್ಣಿಗೆ ಕಾಣುತ್ತದೆ. ಮೊದಲ ಕಾಲು ಭಾಗದಲ್ಲಿ ಹಿಂದೆ ಮುಂದೆ ಮಾಡುತ್ತ, ಸ್ಕ್ರೂಡ್ರೈವರಿನ ಹಿಡಿಯಿಂದ ಸೆನ್ಸರನ್ನು ಮೆಲ್ಲಗೆ ತಟ್ಟಿ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಕೈಕೊಡುವ ಸೆನ್ಸರ್‌ಗಳೂ ಉಂಟು, ಹೇರ್ ಡ್ರೈಯರಿನಿಂದ ಬಿಸಿಮಾಡಿ ಮತ್ತೊಮ್ಮೆ ನೋಡಿ. ಇನ್ನೊಂದು ಮಾತು: ಕೈಯಲ್ಲಿ ತಿರುಗಿಸಿದಾಗ 4.5 ವೋಲ್ಟ್ ಬಂದು, ಪೆಡಲ್ ತುಳಿದಾಗ 3.5ಕ್ಕೇ ನಿಂತರೆ ಕೇಬಲ್ ಸಡಿಲವಾಗಿದೆ. ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ.

ಸೆನ್ಸರೇ ಸವೆದಿದೆ ಎಂದು ಖಾತ್ರಿಯಾದ ಮೇಲೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಗಾಳಿಯ ಪೈಪು ತೆಗೆಯಿರಿ. ಕನೆಕ್ಟರಿನ ಪ್ಲಾಸ್ಟಿಕ್ ಲಾಕ್ ವರ್ಷಗಳ ಶಾಖಕ್ಕೆ ಪೆಡಸಾಗಿರುತ್ತದೆ. ಲಾಕ್ ಒತ್ತಿ ಕನೆಕ್ಟರನ್ನೇ ಹಿಡಿದು ಎಳೆಯಿರಿ, ವೈರು ಹಿಡಿದಲ್ಲ. ಸೆನ್ಸರಿನ ತೂತುಗಳು ಉದ್ದನೆಯವಾಗಿದ್ದರೆ ಅದನ್ನು ಹೊಂದಿಸಿ ಕೂರಿಸಿದ್ದಾರೆ ಎಂದರ್ಥ. ತೆಗೆಯುವ ಮುನ್ನ ಅದರ ಸ್ಥಾನ ಗುರುತು ಹಾಕಿಕೊಳ್ಳಿ.

ಕೆಲಸ ಕೆಡುವುದು ಸೆನ್ಸರನ್ನು ಹಿಡಿದಿರುವ ಎರಡು ಸ್ಕ್ರೂಗಳಲ್ಲಿ. ಉಕ್ಕಿನ ಸ್ಕ್ರೂ, ಅಲ್ಯುಮಿನಿಯಂ ಬಾಡಿ, ಜೊತೆಗೆ ಹಲವೆಡೆ ಥ್ರೆಡ್ ಲಾಕ್ ಅಂಟು. ಜಪಾನಿ ಗಾಡಿಗಳ ಸ್ಕ್ರೂಗಳಿಗೆ ಜೆಐಎಸ್, ಅಂದರೆ ಜಪಾನಿ ಮಾನದಂಡದ ಸ್ಕ್ರೂಡ್ರೈವರ್ ತುದಿಯೇ ಬೇಕು. ಸಾಮಾನ್ಯ ಫಿಲಿಪ್ಸ್ ತುದಿ ಜಾರಿ ಸ್ಕ್ರೂವಿನ ತಲೆ ಕೆಡಿಸುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹನಿಸಿ ಕಾಯಿರಿ. ಅಳತೆಗೆ ತಕ್ಕ ತುದಿಯಿಟ್ಟು ಸುತ್ತಿಗೆಯಿಂದ ಒಮ್ಮೆ ಚುರುಕಾಗಿ ತಟ್ಟಿ, ಮೈಭಾರ ಹಾಕಿ ತಿರುಗಿಸಿ. ಪೆಟ್ರೋಲ್ ಆವಿ ಇರುವ ಜಾಗ, ಬೆಂಕಿ ಬಳಸಬೇಡಿ.

ಹೊಸದನ್ನು ಹಾಕುವ ಮೊದಲು ಪಾರ್ಟ್ ನಂಬರ್, ಪಿನ್ನುಗಳ ಸಂಖ್ಯೆ ಹೋಲಿಸಿ. ಕೆಲವು ಸೆನ್ಸರ್‌ಗಳಲ್ಲಿ ಐಡ್ಲಿಂಗ್ ಸ್ವಿಚ್ಚಿಗಾಗಿ ನಾಲ್ಕನೇ ಪಿನ್ನಿರುತ್ತದೆ. ಥ್ರಾಟಲ್ ತಟ್ಟೆಯ ಅಂಚಿನ ಮಸಿಯನ್ನು ಕ್ಲೀನರ್ ತೋಯಿಸಿದ ಬಟ್ಟೆಯಿಂದ ಒರೆಸಿ. ತಟ್ಟೆ ಪೂರ್ತಿ ಮುಚ್ಚದಿದ್ದರೆ ಆಮೇಲೆ ಅಳೆಯುವ ವೋಲ್ಟೇಜೂ ಸುಳ್ಳೇ. ತಟ್ಟೆಯನ್ನು ತಡೆಯುವ ಸ್ಟಾಪ್ ಸ್ಕ್ರೂವನ್ನು ಮಾತ್ರ ಮುಟ್ಟಬೇಡಿ.

ಬಹಳಷ್ಟು ಸೆನ್ಸರ್‌ಗಳು ನೇರವಾಗಿ ಕೂರುವುದಿಲ್ಲ. ಸ್ವಲ್ಪ ಓರೆಯಾಗಿ ಹಿಡಿದು ಶಾಫ್ಟಿಗೆ ಸೇರಿಸಿ, ಒಳಗಿನ ಸ್ಪ್ರಿಂಗಿಗೆ ಎದುರಾಗಿ ತಿರುಗಿಸಿದಾಗ ತೂತುಗಳು ಸರಿಹೊಂದುತ್ತವೆ. ಶಾಫ್ಟಿನ ನಾಲಿಗೆಯ ತಪ್ಪು ಬದಿಗೆ ಸೇರಿಸಿದರೆ ಥ್ರಾಟಲ್ ಅರ್ಧದಲ್ಲೇ ನಿಲ್ಲುತ್ತದೆ, ಬಲ ಹಾಕಿದರೆ ಸೆನ್ಸರ್ ಒಡೆಯುತ್ತದೆ. ಲಿವರನ್ನು ಪೂರ್ತಿ ತೆರೆದು ಬಿಟ್ಟಾಗ ಅದು ಟಪ್ಪನೆ ಮುಚ್ಚಬೇಕು. ಈ ಪರೀಕ್ಷೆ ಮಾಡದೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ, ತೆರೆದೇ ಸಿಕ್ಕಿಬಿದ್ದ ಥ್ರಾಟಲ್ ಅಪಾಯಕಾರಿ. ಕನೆಕ್ಟರ್ ಹಾಕಿ, ಬ್ಯಾಟರಿ ಜೋಡಿಸಿ, ಇಗ್ನಿಷನ್ ಆನ್ ಮಾಡಿ, ಹೊಂದಿಸಬಹುದಾದ ಸೆನ್ಸರಾದರೆ ಮುಚ್ಚಿದ ಸ್ಥಿತಿಯ ವೋಲ್ಟೇಜನ್ನು ಮ್ಯಾನ್ಯುಯಲ್ ಹೇಳಿದ ಅಂಕಿಗೆ ತನ್ನಿ. ಸ್ಕ್ರೂಗಳನ್ನು ಹಗುರವಾಗಿ ಬಿಗಿಮಾಡಿ ಮತ್ತೆ ಅಳೆಯಿರಿ. ಬಿಗಿಮಾಡುವಾಗಲೇ ಅಂಕಿ ಸರಿಯುವುದು ಮಾಮೂಲು. ದುಂಡು ತೂತಿನ ಸೆನ್ಸರಿಗೆ ಈ ಹೊಂದಾಣಿಕೆ ಇಲ್ಲ, ಅರದಿಂದ ಉಜ್ಜಿ ತೂತು ಹಿಗ್ಗಿಸಲು ಹೋಗಬೇಡಿ.

ಕೋಡ್ ಇದ್ದರೆ ಅಳಿಸಿ. ಪೆಡಲ್ ಮುಟ್ಟದೆ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗುವ ತನಕ ಐಡ್ಲಿಂಗಿನಲ್ಲೇ ಬಿಡಿ. ಬ್ಯಾಟರಿ ತೆಗೆದದ್ದರಿಂದ ಮೊದಮೊದಲು ಐಡ್ಲಿಂಗ್ ವೇಗ ಏರಿಳಿಯಬಹುದು. ಆಮೇಲೆ ಮೊದಲು ಜರ್ಕ್ ಹೊಡೆಯುತ್ತಿದ್ದ ಅದೇ ವೇಗದಲ್ಲಿ ಓಡಿಸಿ ನೋಡಿ. ಆಗಲೂ ಸಿಗ್ನಲ್ ನಡುಗಿದರೆ ಥ್ರಾಟಲ್ ಶಾಫ್ಟನ್ನು ಬೆರಳಿನಿಂದ ಅಡ್ಡಲಾಗಿ ಅಲ್ಲಾಡಿಸಿ. ಸಡಿಲವಾಗಿ ಆಡಿದರೆ ಶಾಫ್ಟನ್ನು ಹಿಡಿದಿರುವ ಬುಷ್ ಸವೆದಿದೆ. ಹಾಗೇ ಬಿಟ್ಟರೆ ಹೊಸ ಸೆನ್ಸರೂ ಬೇಗ ಸವೆಯುತ್ತದೆ, ಬುಷ್ ಅಥವಾ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕು.