ಚಿಲ್ಲರೆ ಕಾಸಿನ ಪ್ರಾಣಿಗಳು

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಕೆಲಸ. ಎಲ್ಲರೂ ಜೇಬಿಗೆ, ಪರ್ಸಿಗೆ ಒಮ್ಮೆ ಕೈ ಹಾಕಿ. 5 ಸೆಂಟಿನ ನಾಣ್ಯ ಯಾರ ಹತ್ತಿರ ಇದೆ ನೋಡಿ. ಹಿಂದಿನ ಸಾಲಿನಲ್ಲಿ ಒಬ್ಬರು, ಇಲ್ಲಿ ಮುಂದೆ ಇನ್ನೊಬ್ಬರು. ಅಷ್ಟೇ. ಮೂವತ್ತು ವರ್ಷದ ಹಿಂದೆ ಇದೇ ಮಾತು ಕೇಳಿದ್ದರೆ ಇಡೀ ಹಾಲ್ ಝಣಝಣ ಅನ್ನುತ್ತಿತ್ತು.

ಆಸ್ಟ್ರೇಲಿಯಾ ಬಗ್ಗೆ ನಿಮಗೆ ಇಷ್ಟವಾದದ್ದು ಏನಾದರೂ ಮಾತಾಡಿ ಅಂತ ಸಂಘದವರು ಕೇಳಿದಾಗ ನನಗೆ ಆಪೆರಾ ಹೌಸ್ ನೆನಪಾಗಲಿಲ್ಲ, ಕ್ರಿಕೆಟ್ ನೆನಪಾಗಲಿಲ್ಲ. ಈ ಚಿಲ್ಲರೆ ಕಾಸು ನೆನಪಾಯಿತು. ಈ ನೆಲದ ಪ್ರಾಣಿಗಳನ್ನು ನನಗೆ ಮೊದಲು ಪರಿಚಯ ಮಾಡಿಸಿದ್ದು ಕಾಡಲ್ಲ, ಝೂ ಅಲ್ಲ. ಟ್ರಾಮ್ ಕಂಡಕ್ಟರ್ ಅಂಗೈ ಮೇಲೆ ಇಟ್ಟ ಚಿಲ್ಲರೆ.

ನಾನು ಮೆಲ್ಬರ್ನ್‌ಗೆ ಬಂದಿದ್ದು 1987ರ ಜೂನ್‌ನಲ್ಲಿ. ಆಗ ಟ್ರಾಮಿನಲ್ಲಿ ಕಂಡಕ್ಟರ್ ಇರುತ್ತಿದ್ದರು, ಹೆಗಲಿಂದ ಇಳಿಬಿಟ್ಟ ಚರ್ಮದ ಚೀಲದ ಸಮೇತ. ಎರಡನೇ ದಿನವೋ ಮೂರನೇ ದಿನವೋ ಇರಬೇಕು, ಚಳಿಗೆ ಬೆರಳು ಮರಗಟ್ಟಿತ್ತು. ಕಂಡಕ್ಟರಮ್ಮ ಟಿಕೆಟ್ ಕೊಟ್ಟು, ಉಳಿದ ಚಿಲ್ಲರೆಯನ್ನು ನನ್ನ ಕೈಗೆ ಸುರಿದರು. ಅದರಲ್ಲಿ ಒಂದು ಪುಟ್ಟ ಬೆಳ್ಳಿ ಬಣ್ಣದ ಕಾಸು. ಅದರ ಮೇಲೆ ಮೈತುಂಬ ಮುಳ್ಳಿನ ಒಂದು ಪ್ರಾಣಿ. ಓ, ಇಲ್ಲೂ ಮುಳ್ಳುಹಂದಿ ಇದೆ ಅಂದುಕೊಂಡೆ. ಊರು ಬಿಟ್ಟು ಬಂದವನಿಗೆ ಅದೇ ಒಂದು ಸಮಾಧಾನ. ಆಮೇಲೆ ಜೊತೆಯಲ್ಲಿ ಕೆಲಸ ಮಾಡುವವರು ಹೇಳಿದರು, ಅದು ಮುಳ್ಳುಹಂದಿ ಅಲ್ಲ, ಎಕಿಡ್ನಾ ಅಂತ. ಮೊಟ್ಟೆ ಇಡುತ್ತದೆ, ಮರಿಗೆ ಹಾಲೂ ಕೊಡುತ್ತದೆ. ಉದ್ದ ನಾಲಿಗೆ ಚಾಚಿ ಇರುವೆ, ಗೆದ್ದಲು ತಿನ್ನುತ್ತದೆ. ಹೆದರಿದರೆ ಓಡುವುದಿಲ್ಲ, ನಿಂತ ಜಾಗದಲ್ಲೇ ಮಣ್ಣು ಅಗೆದು ಇಳಿದುಬಿಡುತ್ತದೆ, ಮುಳ್ಳು ಮಾತ್ರ ಮೇಲೆ ಕಾಣುತ್ತದೆ. ಇಷ್ಟೆಲ್ಲ ಕಥೆ ಒಂದು 5 ಸೆಂಟಿನ ಹಿಂದೆ ಇತ್ತು!

ಆವತ್ತಿಂದ ಚಿಲ್ಲರೆ ಕೈಗೆ ಬಂದಾಗಲೆಲ್ಲ ತಿರುಗಿಸಿ ನೋಡುವ ಅಭ್ಯಾಸವಾಯಿತು. 1 ಸೆಂಟಿನ ಕಂಚಿನ ಕಾಸಿನಲ್ಲಿ ಗರಿಬಾಲದ ಗ್ಲೈಡರ್. ನಮ್ಮ ಮಲೆನಾಡಿನ ಹಾರುಬೆಕ್ಕಿನ ಹಾಗೆ ಮರದಿಂದ ಮರಕ್ಕೆ ತೇಲುವ ಜೀವ, ಆದರೆ ಇಲಿಗಿಂತ ಚಿಕ್ಕದು. ಐದು ಒಂದು-ಸೆಂಟಿನ ನಾಣ್ಯ ಅಂಗೈಯಲ್ಲಿ ಇಟ್ಟುಕೊಂಡರೆ ಸುಮಾರು 13 ಗ್ರಾಂ. ಬೆಳೆದ ಗ್ಲೈಡರ್ ತೂಗುವುದೂ ಹೆಚ್ಚುಕಡಿಮೆ ಅಷ್ಟೇ. 2 ಸೆಂಟಿನಲ್ಲಿ ಕೊರಳ ಸುತ್ತ ಕೊಡೆ ಬಿಚ್ಚಿದ ಓತಿಕ್ಯಾತ, ಇಲ್ಲಿಯವರ ಮಾತಿನಲ್ಲಿ ಫ್ರಿಲ್-ನೆಕ್. 10 ಸೆಂಟಿನಲ್ಲಿ ಲೈರ್‌ಬರ್ಡ್ ಅನ್ನುವ ಹಕ್ಕಿ. 20 ಸೆಂಟಿನಲ್ಲಿ ಪ್ಲಾಟಿಪಸ್. 50 ಸೆಂಟಿನಲ್ಲಿ ಮಾತ್ರ ಸರ್ಕಾರಿ ಲಾಂಛನ, ಕಾಂಗರೂ ಮತ್ತು ಎಮು ಎದುರುಬದುರು ನಿಂತಿವೆ.

ಈ ಆರನ್ನೂ ಬಿಡಿಸಿದವರು ಒಬ್ಬರೇ. ಸ್ಟುವರ್ಟ್ ಡೆವ್ಲಿನ್. ಇಲ್ಲೇ ಪಕ್ಕದ ಜೀಲಾಂಗ್‌ನಲ್ಲಿ 1931ರಲ್ಲಿ ಹುಟ್ಟಿದವರು. ಚಿತ್ರಕಲೆ ಮೇಷ್ಟ್ರಾಗಿದ್ದರು, ಬೆಳ್ಳಿ ಬಂಗಾರದ ಕೆಲಸ ಕಲಿತವರು. ಮುಂದೆ ಲಂಡನ್‌ಗೆ ಹೋಗಿ ರಾಣಿಯ ಅಕ್ಕಸಾಲಿಗ ಅನ್ನಿಸಿಕೊಂಡರು. ಆದರೆ ಅವರು ಮಾಡಿದ ಯಾವ ಬಂಗಾರದ ಬಟ್ಟಲೂ ಈ 5 ಸೆಂಟಿನಷ್ಟು ಜನರ ಕೈ ಸೇರಿರಲಾರದು.

ಪೌಂಡು, ಶಿಲ್ಲಿಂಗ್, ಪೆನ್ಸ್ ಬಿಟ್ಟು ದೇಶ ಡಾಲರಿಗೆ ಬಂದಿದ್ದು 1966ರ ಫೆಬ್ರುವರಿ 14ರಂದು, ಸೋಮವಾರ. ಅದಕ್ಕೂ ಮೊದಲು, 1963ರಲ್ಲಿ, ಹೊಸ ದುಡ್ಡಿಗೆ ‘ರಾಯಲ್’ ಅಂತ ಹೆಸರಿಡಲು ಸರ್ಕಾರ ಹೊರಟಿತ್ತು. ಜನ ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ಆ ಹೆಸರು ಬಿಟ್ಟು ಡಾಲರ್ ಅಂತ ಮಾಡಿದರು. ಹೊಸ ಕಾಸುಗಳ ಲೆಕ್ಕಾಚಾರವೂ ಜಾಣತನದ್ದು. 5 ಸೆಂಟು ಹಳೆಯ ಆರು ಪೆನ್ಸಿನಷ್ಟೇ ದೊಡ್ಡದು, 10 ಸೆಂಟು ಶಿಲ್ಲಿಂಗಿನಷ್ಟು, 20 ಸೆಂಟು ಎರಡು ಶಿಲ್ಲಿಂಗಿನ ಫ್ಲಾರಿನ್ ನಾಣ್ಯದಷ್ಟು. ಹಾಗಾಗಿ ಹಳೆಯದೂ ಹೊಸದೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಕೆಲಕಾಲ ಜೊತೆಯಾಗಿ ಓಡಾಡಿದವು. ಎರಡು 5 ಸೆಂಟು ಒಂದು 10 ಸೆಂಟಿನಷ್ಟು ತೂಗುತ್ತವೆ, ಎರಡು 10 ಸೆಂಟು ಒಂದು 20 ಸೆಂಟಿನಷ್ಟು. ಮೂರನ್ನೂ ಕಲಸಿ ಒಂದೇ ಚೀಲದಲ್ಲಿ ಹಾಕಿದರೂ ತೂಕ ನೋಡಿ ಎಷ್ಟು ದುಡ್ಡು ಅಂತ ಹೇಳಬಹುದು.

ಪ್ರಾಣಿಗಳು ಆಗ ಹೊಸದಾಗಿ ಬಂದವೇನಲ್ಲ. 1913ರಲ್ಲಿ ಇಡೀ ಒಕ್ಕೂಟಕ್ಕೆ ಅಂತ ಬಂದ ಮೊದಲ ಅಂಚೆಚೀಟಿಯಲ್ಲೇ ದೇಶದ ನಕ್ಷೆಯ ನಡುವೆ ಒಂದು ಕಾಂಗರೂ ನಿಂತಿತ್ತು. ದೊರೆಯ ತಲೆ ಇರಲಿಲ್ಲ. 1919ರಿಂದ 1921ರವರೆಗೆ ಕೂಕಬರಾ ಹಕ್ಕಿ ಇರುವ ಚೌಕ ಪೆನ್ನಿಯನ್ನು ಪರೀಕ್ಷೆಗೆ ಅಂತ ಟಂಕಿಸಿ ನೋಡಿದರು, ಅದು ಚಲಾವಣೆಗೆ ಬರಲೇ ಇಲ್ಲ. 1938ರಿಂದ ಪೆನ್ನಿಯ ಮೇಲೆ ಜಿಗಿಯುವ ಕಾಂಗರೂ ಬಂತು. ಆ ಕಾಂಗರೂವನ್ನು ನೀವೆಲ್ಲ ನೋಡಿದ್ದೀರಿ. 1944ರಲ್ಲಿ ಇಲ್ಲಿನ ವಿಮಾನ ಕಂಪನಿ ಕ್ವಾಂಟಸ್‌ನವರು ಸಿಲೋನಿಗೆ ಹಾರುತ್ತಿದ್ದ ತಮ್ಮ ವಿಮಾನಗಳ ಮೂತಿಯ ಮೇಲೆ ಪೆನ್ನಿಯ ಕಾಂಗರೂವನ್ನೇ ಬರೆಸಿದರು. 1947ರಲ್ಲಿ ಗರ್ಟ್ ಸೆಲ್‌ಹೈಮ್ ಅನ್ನುವ ಕಲಾವಿದ ಅದಕ್ಕೆ ರೆಕ್ಕೆ ಕೊಟ್ಟರು. 1984ರಲ್ಲಿ ರೆಕ್ಕೆ ಮತ್ತೆ ಹೋಯಿತು. ನಮ್ಮಲ್ಲಿ ಎಷ್ಟೋ ಜನ ಅದರ ಬೆನ್ನೇರಿ ಬಂದವರು, ಅಲ್ವಾ?

ಆದರೆ ಡೆವ್ಲಿನ್ ಮಾಡಿದ್ದು ಬೇರೆಯೇ. ಅವರ ಚಿಲ್ಲರೆಯಲ್ಲಿ ಕೋಆಲಾ ಇಲ್ಲ. ಎಲ್ಲರೂ ಎತ್ತಿ ಮುದ್ದಾಡುವ ಪ್ರಾಣಿ, ಪೋಸ್ಟರಿನಲ್ಲಿ ಎಲ್ಲೆಲ್ಲೂ ಇರುವ ಪ್ರಾಣಿ, ಕಾಸಿನಲ್ಲಿ ಇಲ್ಲ. ಕಾಂಗರೂ ಕೂಡ 1984ರವರೆಗೆ ಲಾಂಛನದ ಕಂಬ ಹಿಡಿದು ನಿಂತದ್ದೇ. ಆ ವರ್ಷ 1 ಡಾಲರಿನ ನಾಣ್ಯ ಬಂದಾಗ ಐದು ಕಾಂಗರೂಗಳಿಗೆ ಜಾಗ ಸಿಕ್ಕಿತು, ಅದೂ ಡೆವ್ಲಿನ್ ಬಿಡಿಸಿದ್ದೇ. ಉಳಿದಂತೆ ಅಲ್ಲಿರುವುದು ಅಡಗಿಕೊಳ್ಳುವ, ರಾತ್ರಿ ಓಡಾಡುವ, ಈ ದೇಶದವರೇ ಎಷ್ಟೋ ಜನ ಕಣ್ಣಾರೆ ನೋಡದ ಜೀವಗಳು. ಮತ್ತು ಯಾವುದನ್ನೂ ಅವರು ಮುದ್ದು ಮಾಡಿಲ್ಲ. ನಗುವ ಮುಖ ಕೊಟ್ಟಿಲ್ಲ. ಎಕಿಡ್ನಾದ ಉಗುರು ಉಗುರಿನ ಹಾಗೇ ಇದೆ. 5, 10, 20 ಸೆಂಟಿನ ಹಿಂಬದಿಯಲ್ಲಿ ಪ್ರಾಣಿ ಇದೆ, ಸಂಖ್ಯೆ ಇದೆ. ದೇಶದ ಹೆಸರನ್ನೂ ಅಲ್ಲಿ ಬರೆದಿಲ್ಲ. ಯಾವ ದೇಶ ಅಂತ ಪ್ರಾಣಿಯೇ ಹೇಳುತ್ತದೆ.

ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಅಪ್ಪ. ಅವರು ತೀರ್ಥಹಳ್ಳಿ ಕಡೆ ಡ್ರಾಯಿಂಗ್ ಮೇಷ್ಟ್ರು. 1991ರಲ್ಲಿ ಅಪ್ಪ ಅಮ್ಮ ಮೂರು ತಿಂಗಳು ಇಲ್ಲಿಗೆ ಬಂದಿದ್ದರು. ಚಳಿಗಾಲ. ನಾವು ಕೆಲಸಕ್ಕೆ ಹೋದ ಮೇಲೆ ಅಪ್ಪನಿಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ಸಂಜೆ ಬಂದು ನೋಡುತ್ತೇನೆ, ಅಡುಗೆಮನೆ ಮೇಜಿನ ಮೇಲೆ ಚಿಲ್ಲರೆ ಡಬ್ಬಿ ಸುರಿದುಕೊಂಡು ಕೂತಿದ್ದಾರೆ. ನೋಟ್‌ಬುಕ್ಕಿನ ಹಾಳೆ ಕೆಳಗೆ ಒಂದು ನಾಣ್ಯ. ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜುತ್ತಿದ್ದಾರೆ. ನಾವೆಲ್ಲ ಚಿಕ್ಕವರಿದ್ದಾಗ ನಾಲ್ಕಾಣೆ ಎಂಟಾಣೆ ಇಟ್ಟು ಮಾಡುತ್ತಿದ್ದೆವಲ್ಲ, ಅದೇ ಆಟ. ಮೊದಲು ಅಂಚಿನ ಚುಕ್ಕಿಗಳು ಮೂಡಿದವು. ಆಮೇಲೆ ನೀರಿನ ಅಲೆ. ಅಲೆಯ ನಡುವಿಂದ ಪ್ಲಾಟಿಪಸ್ಸಿನ ಬಾತುಮೂತಿ, ಜಾಲಪಾದ, ಚಪ್ಪಟೆ ಬಾಲ.

“ನೋಡು,” ಅಂದರು ಅಪ್ಪ. “ಈ ಮನುಷ್ಯ ನೀರು ಬರೆದಿಲ್ಲ. ಪ್ರಾಣಿ ಈಜಿದ್ದರಿಂದ ನೀರು ಕಾಣಿಸ್ತಿದೆ.”

ನಾಲ್ಕು ವರ್ಷ ಆ ನಾಣ್ಯ ಕೈಯಲ್ಲಿ ಓಡಾಡಿತ್ತು. ನನಗೆ ಅದು ಕಂಡಿರಲಿಲ್ಲ. ಭೂತಗನ್ನಡಿ ಹಿಡಿದು ಎಸ್ ಮತ್ತು ಡಿ ಅನ್ನುವ ಪುಟಾಣಿ ಅಕ್ಷರಗಳನ್ನೂ ಅಪ್ಪನೇ ಹುಡುಕಿದರು. ಸ್ಟುವರ್ಟ್ ಡೆವ್ಲಿನ್ ರುಜು.

ಅವರು ಒಂದೊಂದು ಪುಟಕ್ಕೆ ಒಂದೊಂದು ನಾಣ್ಯ ಉಜ್ಜಿ, ಕೆಳಗೆ ದುಂಡಗೆ ತಮ್ಮದೇ ಕನ್ನಡ ಹೆಸರು ಬರೆದರು. ಹಾರುಬೆಕ್ಕು. ಕೊಡೆ ಓತಿಕ್ಯಾತ. ಮುಳ್ಳಪ್ಪ. ಬಾತುಮೂತಿ. ಲೈರ್‌ಬರ್ಡಿಗೆ ಮಾತ್ರ ಹೆಸರು ಬರೆಯದೆ ಖಾಲಿ ಬಿಟ್ಟಿದ್ದರು. ಆ ಹಕ್ಕಿಯ ಬಾಲ ಬೆನ್ನ ಮೇಲಿಂದ ಬಾಗಿ ತಲೆ ದಾಟಿ ಮುಂದಕ್ಕೆ ಬಂದಿದೆಯಲ್ಲ, ಹಾಗೆ ಆಗಲು ಸಾಧ್ಯವಿಲ್ಲ, ಕಾಸಿನ ದುಂಡಿಗೆ ಹೊಂದಿಸಲು ಚಿತ್ರಗಾರ ಬಗ್ಗಿಸಿರಬೇಕು ಅಂತ ಅವರ ಅನುಮಾನ.

ಹಾಗಾದರೆ ನೋಡಿಯೇ ಬರೋಣ ಅಂತ ಜುಲೈ ತಿಂಗಳ ಒಂದು ಶನಿವಾರ ಕತ್ತಲಿರುವಾಗಲೇ ಹೊರಟೆವು. ಡ್ಯಾಂಡಿನಾಂಗ್ ಬೆಟ್ಟಗಳ ಶೆರ್‌ಬ್ರೂಕ್ ಕಾಡು. ಲೈರ್‌ಬರ್ಡ್ ಹೆಚ್ಚಾಗಿ ಹಾಡುವುದು ಚಳಿಗಾಲದಲ್ಲಿ. ಆಕಾಶಕ್ಕೆ ಹೋದ ಮೌಂಟನ್ ಆ್ಯಶ್ ಮರಗಳು, ಕೆಳಗೆ ಮರದೆತ್ತರದ ಜರಿಗಿಡ, ಮಂಜು ಹನಿಯುವ ಸದ್ದು. ಅಮ್ಮ ಶಾಲು ಹೊದ್ದುಕೊಂಡು, “ಇದು ಆಗುಂಬೆನೇ” ಅಂದರು. ಅರ್ಧ ಗಂಟೆ ಸುಮ್ನೆ ನಿಂತೆವು. ಆಮೇಲೆ ಪೊದೆಯಿಂದ ಚಾಟಿ ಬೀಸಿದ ಹಾಗೆ ಒಂದು ಕೂಗು, ವಿಪ್‌ಬರ್ಡಿನದು. ಅದರ ಹಿಂದೆಯೇ ಕೂಕಬರಾದ ನಗು. ಅದರ ಹಿಂದೆ ಗಿಳಿಗಳ ಗಲಾಟೆ. ಎಲ್ಲವೂ ಒಂದೇ ಜಾಗದಿಂದ. ಅಪ್ಪ ನನ್ನ ಮೊಣಕೈ ಹಿಡಿದು, “ಭೀಮರಾಜ!” ಅಂದರು. ನಮ್ಮ ಕಡೆಯ ಭೀಮರಾಜ ಹಕ್ಕಿಯೂ ಹೀಗೇ ಬೇರೆ ಹಕ್ಕಿಗಳ ಕೂಗು ಕದಿಯುತ್ತದೆ.

ಕೊನೆಗೆ ಕಂಡಿತು. ಕಂದು ಬಣ್ಣದ, ಕೋಳಿಯಷ್ಟು ಗಾತ್ರದ ಹಕ್ಕಿ. ಮಣ್ಣು ಕೆದರಿ ಗುಡ್ಡೆ ಮಾಡಿಕೊಂಡ ಸಣ್ಣ ವೇದಿಕೆ. ಅದು ಬಾಲ ಎತ್ತಿತು, ಬಿಚ್ಚಿತು, ಬಾಗಿಸಿತು. ಬೆಳ್ಳಿ ಬಣ್ಣದ ಗರಿಗಳ ಪರದೆ ತಲೆ ದಾಟಿ ಮುಖದ ಮುಂದೆ ಇಳಿಯಿತು. ಇಡೀ ಪರದೆ ನಡುಗುತ್ತಿತ್ತು. ನಾಣ್ಯದಲ್ಲಿ ಇದ್ದ ಹಾಗೇ. ಅಪ್ಪ ಕೋಟಿನ ಜೇಬಿನಿಂದ 10 ಸೆಂಟು ತೆಗೆದು, ಒಮ್ಮೆ ಅದನ್ನು, ಒಮ್ಮೆ ಹಕ್ಕಿಯನ್ನು ನೋಡಿದರು. ಮನೆಗೆ ಬಂದು ಖಾಲಿ ಬಿಟ್ಟಿದ್ದ ಜಾಗದಲ್ಲಿ ‘ಭೀಮರಾಜನ ದೊಡ್ಡಪ್ಪ’ ಅಂತ ಬರೆದರು.

ಮಾರನೇ ವಾರ ಹೀಲ್ಸ್‌ವಿಲ್ ಅಭಯಾರಣ್ಯಕ್ಕೂ ಕರೆದುಕೊಂಡು ಹೋದೆ. ಮನುಷ್ಯರ ಆರೈಕೆಯಲ್ಲಿ ಪ್ಲಾಟಿಪಸ್ ಮೊದಲ ಬಾರಿ ಮರಿ ಮಾಡಿದ್ದು ಅಲ್ಲೇ, 1943ರಲ್ಲಿ. ನೀರಿನೊಳಗೆ ಅದು ಕಣ್ಣು, ಕಿವಿ, ಮೂಗು ಮೂರನ್ನೂ ಮುಚ್ಚಿಕೊಂಡು, ಹುಳುಗಳ ಮೈಯಿಂದ ಬರುವ ಸಣ್ಣ ವಿದ್ಯುತ್ತನ್ನು ಮೂತಿಯಿಂದಲೇ ಹಿಡಿಯುತ್ತದೆ. 1799ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಇದರ ಒಣಗಿದ ಚರ್ಮ ನೋಡಿ, ಯಾರೋ ಬಾತಿನ ಕೊಕ್ಕು ತಂದು ಹೊಲಿದಿದ್ದಾರೆ ಅಂತ ಸಂಶಯಪಟ್ಟಿದ್ದರು. ಗಾಜಿನ ಆಚೆ ಅದು ಸರ್ರನೆ ತಿರುಗಿದಾಗ ಅಪ್ಪ ಪೂರ್ತಿ ಮಾತು ಬಿಟ್ಟರು.

ಮುಂದಿನ ವರ್ಷ, 1992ರಲ್ಲಿ, 1 ಮತ್ತು 2 ಸೆಂಟುಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಶುರು ಮಾಡಿದರು. ಅವುಗಳಿಗೆ ಏನೂ ಬರುತ್ತಿರಲಿಲ್ಲ, ಮಾಡುವ ಖರ್ಚೇ ಜಾಸ್ತಿ. ಅಂಗಡಿ ಬಿಲ್ಲು 5ರ ಲೆಕ್ಕಕ್ಕೆ ಹೊಂದಿಕೊಂಡಿತು. ಅಪ್ಪನಿಗೆ ಇದನ್ನು ಕಾಗದದಲ್ಲಿ ಬರೆದೆ. ಉತ್ತರ ಬಂತು: “ಹಾರುಬೆಕ್ಕನ್ನು ಒಂದಷ್ಟು ಎತ್ತಿಡು.” ಎತ್ತಿಟ್ಟೆ. ಒಂದು ಹಾರ್ಲಿಕ್ಸ್ ಬಾಟಲಿ ತುಂಬ.

ಹಿಂದಕ್ಕೆ ಹೋದ ಕಾಸುಗಳನ್ನು ಕರಗಿಸಿದರು. ಆ ಕಂಚಿನಲ್ಲಿ ಒಂದು ಪಾಲು ಎಲ್ಲಿಗೆ ಹೋಯಿತು ಗೊತ್ತೇ? 2000ದ ಸಿಡ್ನಿ ಒಲಿಂಪಿಕ್ಸಿನ ಕಂಚಿನ ಪದಕಗಳಿಗೆ. ಆ ಕ್ರೀಡಾಕೂಟದ ಮೂರು ಗೊಂಬೆಗಳನ್ನು ನೆನಪಿಸಿಕೊಳ್ಳಿ. ಆಲಿ ಅನ್ನುವ ಕೂಕಬರಾ, ಸಿಡ್ ಅನ್ನುವ ಪ್ಲಾಟಿಪಸ್, ಮಿಲಿ ಅನ್ನುವ ಎಕಿಡ್ನಾ. ಮೂರರಲ್ಲಿ ಎರಡು ಡೆವ್ಲಿನ್ ಕಾಸಿನವು. ಟೀವಿ, ಟೀಶರ್ಟು, ಬಸ್ಸು ಎಲ್ಲೆಲ್ಲೂ ಅವೇ. ಆದರೆ ಗ್ಲೈಡರ್ ಮತ್ತು ಓತಿಕ್ಯಾತ ಎಲ್ಲೂ ಕಾಣದೆ, ಪದಕದೊಳಗೆ ಕರಗಿ ಕೂತಿದ್ದವು.

ಆ ಒಲಿಂಪಿಕ್ಸಿನಲ್ಲಿ ಇಡೀ ಭಾರತಕ್ಕೆ ಬಂದಿದ್ದು ಒಂದೇ ಪದಕ. ಸೆಪ್ಟೆಂಬರ್ 19ರಂದು, 69 ಕೆಜಿ ವಿಭಾಗದಲ್ಲಿ, ಕರ್ಣಂ ಮಲ್ಲೇಶ್ವರಿ ಒಟ್ಟು 240 ಕೆಜಿ ಎತ್ತಿದರು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ. ಕಂಚು.

ಆವತ್ತು ರಾತ್ರಿ ಊರಿಗೆ ಫೋನ್ ಮಾಡಿದೆ. “ಅಪ್ಪಾ, ಆ ಹುಡುಗಿ ಕೊರಳಲ್ಲಿ ಇರೋದು ಏನು ಗೊತ್ತಾ? ನಿನ್ನ ಹಾರುಬೆಕ್ಕು.” ವಿವರ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನ್ ಕಟ್ಟಾಯಿತು ಅಂದುಕೊಂಡೆ. ಆಮೇಲೆ ಕೇಳಿದರು, “ಓತಿಕ್ಯಾತನೂ ಇದೆಯೇನೋ?”

ಈಗ ಅಪ್ಪ ಇಲ್ಲ. ಡೆವ್ಲಿನ್ 2018ರಲ್ಲಿ ತೀರಿಕೊಂಡರು. ನಾಣ್ಯದ ಆ ಬದಿಯಲ್ಲಿ ರಾಣಿಗೂ ವಯಸ್ಸಾಗುತ್ತಾ ಬಂತು, ಹೊಸ ಹೊಸ ಮುಖ ಬಂತು, ಈಗ ಮಗ ಚಾರ್ಲ್ಸ್ ಬಂದಿದ್ದಾರೆ. ಈ ಬದಿಯ ಎಕಿಡ್ನಾ 1966ರಲ್ಲಿ ಇದ್ದ ಹಾಗೇ ಇದೆ. ಒಂದು ಮುಳ್ಳೂ ಬದಲಾಗಿಲ್ಲ. ಬದಲಾಗಿದ್ದು ನಮ್ಮ ಕೈ. ಕಾರ್ಡು, ಫೋನು ತಾಗಿಸಿ ಹೊರಟುಬಿಡುತ್ತೇವೆ. ನನ್ನ ಮೊಮ್ಮಗಳಿಗೆ ಆರು ವರ್ಷ. ಪ್ಲಾಟಿಪಸ್ ಬಗ್ಗೆ ನನಗಿಂತ ಜಾಸ್ತಿ ಗೊತ್ತು ಅವಳಿಗೆ, ವೀಡಿಯೋ ನೋಡಿ ಕಲಿತಿದ್ದಾಳೆ. ಆದರೆ ಬೆರಳ ತುದಿಯಲ್ಲಿ ಸವರಿ, ಇದು ಮೂತಿ, ಇದು ಬಾಲ ಅಂತ ಕಣ್ಣು ಮುಚ್ಚಿ ಹೇಳುವುದು ಅವಳಿಗೆ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ. ಈಗ ಗೊತ್ತು.

ಆ ಬಾಗಿಲ ಹತ್ತಿರದ ಮೇಜಿನ ಮೇಲೆ ಅಪ್ಪನ ನೋಟ್‌ಬುಕ್ ಇಟ್ಟಿದ್ದೇನೆ, ಪುಟ ತಿರುಗಿಸಿ ನೋಡಿ. ಪಕ್ಕದಲ್ಲಿ ಹಾರ್ಲಿಕ್ಸ್ ಬಾಟಲಿ ಇದೆ, ಆರೂ ತರಹದ ಕಾಸುಗಳಿವೆ. ತೆಳು ಹಾಳೆ, ಮೆತ್ತನೆ ಪೆನ್ಸಿಲ್ ಬೇಕಾದಷ್ಟಿವೆ. ಮಕ್ಕಳು ಮೊದಲು ಬರಲಿ. ಪೆನ್ಸಿಲ್ ಅಡ್ಡ ಹಿಡಿಯಬೇಕು, ಜೋರಾಗಿ ಒತ್ತಬಾರದು. ಅಂಚಿನಿಂದ ಶುರು ಮಾಡಿ.