ಎಷ್ಟು ಪುಟ, ಎಷ್ಟು ಸೆಕೆಂಡ್?

ಎಲ್ಲರಿಗೂ ನಮಸ್ಕಾರ.

ಕಾಪಿರೈಟ್ ಬಗ್ಗೆ ಮಾತಾಡಲು ನಿಂತಾಗಲೆಲ್ಲ ಮೊದಲು ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ‘ಪುಸ್ತಕದಿಂದ ಎಷ್ಟು ಪುಟ ತೆಗೆದುಕೊಂಡರೆ ತೊಂದರೆಯಿಲ್ಲ? ಹಾಡಾದರೆ ಎಷ್ಟು ಸೆಕೆಂಡ್?’ ಯಾರೋ ಹತ್ತು ಪರ್ಸೆಂಟ್ ಅಂದಿರುತ್ತಾರೆ, ಇನ್ಯಾರೋ ಮೂವತ್ತು ಸೆಕೆಂಡ್ ಅಂದಿರುತ್ತಾರೆ. ಅಮೆರಿಕದವರು ‘ಫೇರ್ ಯೂಸ್’ ಎನ್ನುವ ನಿಯಮದಲ್ಲಿ ಇಂಥ ಒಂದು ಅಂಕಿಯೂ ಇಲ್ಲ. ಭಾರತದ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಬರುವ ‘ಫೇರ್ ಡೀಲಿಂಗ್’ನಲ್ಲೂ ಇಲ್ಲ. ಎರಡರಲ್ಲಿ ವ್ಯತ್ಯಾಸ ಇದೆ. ಆದರೆ ಇವತ್ತಿನ ಮಾತಿಗೆ ಎರಡನ್ನೂ ‘ನ್ಯಾಯಯುತ ಬಳಕೆ’ ಅಂದುಕೊಳ್ಳೋಣ. ಬೇರೆಯವರ ಕೃತಿಯನ್ನು ಕೇಳದೆ ಬಳಸಿದರೂ ತಪ್ಪಾಗದ ಸಂದರ್ಭ, ಅಷ್ಟೇ.

ಅಂಕಿ ಯಾಕಿಲ್ಲ ಎಂದು ತಿಳಿಯಬೇಕಾದರೆ ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ನಡುವೆ ಒಂದೇ ವರ್ಷದ ಅಂತರ.

1984ರ ತೀರ್ಪು ಸೋನಿ ಕಂಪನಿಯ ವಿಡಿಯೊ ರೆಕಾರ್ಡರ್ ಕುರಿತದ್ದು. ಟಿ.ವಿ.ಯಲ್ಲಿ ಬರುವ ಕಾರ್ಯಕ್ರಮವನ್ನು ಜನ ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡು, ಬಿಡುವಾದಾಗ ಹಾಕಿಕೊಂಡು ನೋಡುತ್ತಿದ್ದರು. ಸಿನಿಮಾ ಕಂಪನಿಗಳು ಕೋರ್ಟಿಗೆ ಹೋದವು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು, ಇದು ನ್ಯಾಯಯುತ ಬಳಕೆಯೇ ಎಂದರು. ನೆನಪಿಡಿ, ಜನ ರೆಕಾರ್ಡ್ ಮಾಡುತ್ತಿದ್ದುದು ತುಣುಕನ್ನಲ್ಲ, ಇಡೀ ಕಾರ್ಯಕ್ರಮವನ್ನು.

1985ರದ್ದು ಪುಸ್ತಕದ ವಿಷಯ. ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ತಮ್ಮ ನೆನಪುಗಳನ್ನು ಬರೆದಿದ್ದರು. ಸುಮಾರು 2 ಲಕ್ಷ ಪದಗಳ ಹಸ್ತಪ್ರತಿ, ಇನ್ನೂ ಅಚ್ಚಾಗಿರಲಿಲ್ಲ. ಅದು ಹೇಗೋ ಒಂದು ಪತ್ರಿಕೆಯ ಕೈ ಸೇರಿತು. ಪತ್ರಿಕೆ ಅದರಿಂದ ಇದ್ದ ಹಾಗೇ ಎತ್ತಿಕೊಂಡಿದ್ದು ಸುಮಾರು 300 ಪದ. ಕೋರ್ಟು ಒಪ್ಪಲಿಲ್ಲ. ತಮಗಿಂತ ಹಿಂದಿನ ಅಧ್ಯಕ್ಷ ನಿಕ್ಸನ್‌ಗೆ ಫೋರ್ಡ್ ಕ್ಷಮಾದಾನ ಕೊಟ್ಟ ಕತೆಯೇ ಆ ಪುಸ್ತಕದ ಜೀವ. ಜನ ಕಾಯುತ್ತಿದ್ದುದು ಆ ಭಾಗಕ್ಕೇ. ಅದು ಮೊದಲೇ ಹೊರಬಿದ್ದಿದ್ದರಿಂದ, ಆಯ್ದ ಭಾಗ ಪ್ರಕಟಿಸಲು ಒಪ್ಪಂದ ಮಾಡಿಕೊಂಡಿದ್ದ ಇನ್ನೊಂದು ಪತ್ರಿಕೆ ಬಾಕಿ ಹಣ ಕೊಡದೆ ಹಿಂದೆ ಸರಿಯಿತು.

ಪೂರ್ತಿ ತೆಗೆದುಕೊಂಡವರು ಗೆದ್ದರು, 300 ಪದ ತೆಗೆದುಕೊಂಡವರು ಸೋತರು. ಇದನ್ನು ಮೊದಲು ಓದಿದಾಗ ನನಗೆ ಎಲ್ಲ ತಲೆಕೆಳಗಾಗಿ ಕಂಡಿತ್ತು. ಆಮೇಲೆ ಎರಡನ್ನೂ ಮತ್ತೆ ಓದಿದೆ. ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡವರಿಂದ ಕಾರ್ಯಕ್ರಮದವರಿಗೆ ನಷ್ಟವಾಗಿದ್ದನ್ನು ಯಾರೂ ತೋರಿಸಲಾಗಲಿಲ್ಲ. ಪತ್ರಿಕೆಯ 300 ಪದದಿಂದ ಪುಸ್ತಕಕ್ಕೆ ಬರಬೇಕಿದ್ದ ದುಡ್ಡೇ ಹೋಯಿತು. ಎಷ್ಟು ಎನ್ನುವುದಕ್ಕಿಂತ, ಅದರಿಂದ ಏನಾಯಿತು ಎನ್ನುವುದು ದೊಡ್ಡದು.

ಹೀಗೆ ಯೋಚಿಸುವುದು ಹೊಸದೇನಲ್ಲ. 1841ರಲ್ಲಿ ಜೋಸೆಫ್ ಸ್ಟೋರಿ ಎಂಬ ನ್ಯಾಯಮೂರ್ತಿಯ ಮುಂದೆ ಜಾರ್ಜ್ ವಾಷಿಂಗ್ಟನ್ ಜೀವನಚರಿತ್ರೆಯ ಜಗಳ ಬಂತು. 866 ಪುಟಗಳ ಪುಸ್ತಕ, ಅದರಲ್ಲಿ 353 ಪುಟ ಬೇರೊಬ್ಬರ 12 ಸಂಪುಟಗಳ ಕೃತಿಯಿಂದ ಎತ್ತಿಕೊಂಡಿದ್ದು. ತಪ್ಪು ಎಂದು ಹೇಳಿ ಸ್ಟೋರಿ ಸುಮ್ಮನಾಗಲಿಲ್ಲ. ಇಂಥ ಜಗಳ ಬಂದಾಗ ಏನೇನು ನೋಡಬೇಕು ಎಂದೂ ಬರೆದಿಟ್ಟರು. ಅಮೆರಿಕದ 1976ರ ಕಾಯ್ದೆ ಅದನ್ನೇ ನಾಲ್ಕು ಪ್ರಶ್ನೆ ಮಾಡಿತು. ಯಾವ ಉದ್ದೇಶಕ್ಕೆ ಬಳಸಿದಿರಿ? ಮೂಲ ಎಂಥ ಕೃತಿ? ಎಷ್ಟು ತೆಗೆದುಕೊಂಡಿರಿ, ಮತ್ತು ಅದು ಕೃತಿಯ ಯಾವ ಭಾಗ? ಅದರಿಂದ ಮೂಲದ ಮಾರುಕಟ್ಟೆಗೆ ಏನಾಗುತ್ತದೆ?

ದಿನನಿತ್ಯದ ಬಳಕೆಗೆ ನಾನು ಇದನ್ನು ಒಂದು ಮಾತಿಗೆ ಇಳಿಸಿಕೊಂಡಿದ್ದೇನೆ: ನಾನು ಮಾಡಿದ್ದನ್ನು ನೋಡಿದವರಿಗೆ ಮೂಲ ಬೇಡವಾಗಿಬಿಡುತ್ತದಾ? ಪುಸ್ತಕ ವಿಮರ್ಶೆಯಲ್ಲಿ ನಾಲ್ಕು ಸಾಲು ಎತ್ತಿ ಬರೆದರೆ, ಪುಸ್ತಕ ಓದಬೇಕು ಎನ್ನುವವರು ಓದಿಯೇ ಓದುತ್ತಾರೆ. ಅಧ್ಯಾಯಕ್ಕೆ ಅಧ್ಯಾಯವೇ ಹಾಕಿ ಕೊನೆಗೆ ‘ಚೆನ್ನಾಗಿದೆ’ ಎಂದು ಸೇರಿಸಿದರೆ ಅದು ವಿಮರ್ಶೆ ಅಲ್ಲ. ಇನ್ನೊಂದು ಮಾತು. ನಿಮ್ಮ ಖಾರವಾದ ಟೀಕೆ ಓದಿ ಯಾರೋ ಪುಸ್ತಕ ಕೊಳ್ಳಲಿಲ್ಲ ಅನ್ನಿ, ಆ ನಷ್ಟವನ್ನು ಕಾಪಿರೈಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೀಕೆ ಮಾಡುವವರು ಹೆದರಬೇಕಿಲ್ಲ.

ಈಗ ಫೋಟೊಗೆ ಬರೋಣ. ಜನ ಜಾಸ್ತಿ ಎಡವುವುದು ಇಲ್ಲೇ. ‘ಗೂಗಲ್‌ನಿಂದ ತೆಗೆದುಕೊಂಡೆ’ ಎನ್ನುತ್ತಾರೆ. ಗೂಗಲ್ ಹುಡುಕಿ ತೋರಿಸುತ್ತದೆ. ಫೋಟೊ ತೆಗೆದವರು ಬೇರೆ ಯಾರೋ ಇರುತ್ತಾರೆ. ‘ಕಾಪಿರೈಟ್ ಗುರುತು ಇರಲಿಲ್ಲವಲ್ಲ’ ಎಂಬ ಮಾತೂ ನಿಲ್ಲುವುದಿಲ್ಲ. 1886ರ ಬರ್ನ್ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಲ್ಲಿ ಹಕ್ಕು ಹುಟ್ಟಲು ಗುರುತು ಬೇಡ, ನೋಂದಣಿಯೂ ಬೇಡ. ಕ್ಲಿಕ್ ಮಾಡಿದಾಗಲೇ ಹಕ್ಕು ಬಂದಿರುತ್ತದೆ. ‘ಕೆಳಗೆ ಅವರ ಹೆಸರು ಹಾಕಿದ್ದೇನೆ’ ಎನ್ನುವವರ ಮನಸ್ಸು ಒಳ್ಳೆಯದು. ಹೆಸರು ಹಾಕಲೇಬೇಕು. ಹಾಕದಿದ್ದರೆ ಅದು ಕೃತಿಚೌರ್ಯ. ಆದರೆ ಹೆಸರು ಹಾಕಿದ್ದು ಅನುಮತಿ ಪಡೆದಂತೆ ಆಗುವುದಿಲ್ಲ. ಫೋಟೊ ಮಾರಿ ಬದುಕುವವರಿಗೆ ಬರೀ ಹೆಸರಿನಿಂದ ಹೊಟ್ಟೆ ತುಂಬಲ್ಲ, ಅಲ್ವಾ?

ಬಣ್ಣ ಬದಲಿಸಿದರೆ? ಫಿಲ್ಟರ್ ಹಾಕಿದರೆ? 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದರ ಹತ್ತಿರದ್ದನ್ನೇ ವಿಚಾರಿಸಿತು. ಗಾಯಕ ಪ್ರಿನ್ಸ್ ಅವರ ಫೋಟೊವನ್ನು ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ತೆಗೆದಿದ್ದರು. ಅದನ್ನು ಇಟ್ಟುಕೊಂಡು ಹೆಸರಾಂತ ಕಲಾವಿದ ಆಂಡಿ ವಾರ್ಹಾಲ್ ಬಣ್ಣದ ಚಿತ್ರಗಳನ್ನು ಮಾಡಿದ್ದರು. ಅವುಗಳಲ್ಲಿ ಒಂದನ್ನು, ಅವರು ತೀರಿಕೊಂಡ ಮೇಲೆ ಅವರ ಪ್ರತಿಷ್ಠಾನ ಪತ್ರಿಕೆಯೊಂದಕ್ಕೆ ಬಳಸಲು ಕೊಟ್ಟಿತು. ಗೋಲ್ಡ್‌ಸ್ಮಿತ್ ಫೋಟೊ ಕೊಡುವುದೂ ಪತ್ರಿಕೆಗೆ, ಪ್ರತಿಷ್ಠಾನ ಚಿತ್ರ ಕೊಟ್ಟಿದ್ದೂ ಪತ್ರಿಕೆಗೆ. ಕೆಲಸ ಒಂದೇ ಆದಾಗ ಹೊಸ ಬಣ್ಣವೊಂದೇ ಸಾಲದು ಎಂದು ಏಳು ನ್ಯಾಯಮೂರ್ತಿಗಳು ಹೇಳಿದರು, ಇಬ್ಬರು ಒಪ್ಪಲಿಲ್ಲ. ವಾರ್ಹಾಲ್ ಚಿತ್ರಕ್ಕೇ ಹೀಗಾದರೆ ನಮ್ಮ ಫಿಲ್ಟರ್ ಯಾವ ಲೆಕ್ಕ?

ವಾಟ್ಸಾಪ್‌ನಲ್ಲಿ ಬಂದ ಬರಹದ ಬಗ್ಗೆಯೂ ಕೇಳುತ್ತಾರೆ. ‘ನನಗೆ ಕಳಿಸಿದ್ದಾರೆ, ಹಾಗಾದರೆ ಅದು ನನ್ನದೇ ತಾನೇ?’ 1741ರಲ್ಲಿ ಇಂಗ್ಲೆಂಡಿನಲ್ಲಿ ಕವಿ ಅಲೆಕ್ಸಾಂಡರ್ ಪೋಪ್ ಅವರ ಪತ್ರಗಳನ್ನು ಒಬ್ಬ ಪುಸ್ತಕ ವ್ಯಾಪಾರಿ ಕೇಳದೇ ಅಚ್ಚು ಹಾಕಿದ್ದ. ಕಾಗದ ಬಂದವರಿಗೆ ಸೇರಿದ್ದು, ಅದರಲ್ಲಿನ ಮಾತು ಬರೆದವರಿಗೆ ಸೇರಿದ್ದು ಎಂದು ಕೋರ್ಟು ಹೇಳಿತು. ಸುಮಾರು 280 ವರ್ಷ ಕಳೆದರೂ ಈ ಮಾತು ಹಳತಾಗಿಲ್ಲ. ಗೆಳೆಯರು ಕಳಿಸಿದ ಕವಿತೆ ನಿಮ್ಮ ಫೋನಿನಲ್ಲಿದೆ. ಅದನ್ನು ನಿಮ್ಮ ಪುಸ್ತಕಕ್ಕೆ ಸೇರಿಸಬೇಕೆಂದರೆ ಅವರನ್ನು ಕೇಳಿ. ಕೇಳುವುದಕ್ಕೆ ಒಂದು ಮೆಸೇಜ್ ಸಾಕು. ಎಷ್ಟೋ ಜನ ಸಂತೋಷದಿಂದ ಒಪ್ಪುತ್ತಾರೆ.

ಇಷ್ಟು ಕೇಳಿ ನಿಮಗೆ ಭಯವಾಗಿದ್ದರೆ ನನ್ನ ಅರ್ಧ ಮಾತೇ ಮುಟ್ಟಿದೆ ಎಂದರ್ಥ. ಕತೆಯ ಎಳೆ, ಸುದ್ದಿ, ಅಂಕಿಅಂಶ, ಲೆಕ್ಕದ ಸೂತ್ರ, ಇವುಗಳಿಗೆ ಕಾಪಿರೈಟ್ ಇಲ್ಲ. ಅವರು ಬರೆದ ರೀತಿಗೆ ಮಾತ್ರ ಇದೆ. ಓದಿ, ಅರಗಿಸಿಕೊಂಡು, ನಿಮ್ಮ ಮಾತಿನಲ್ಲಿ ಧಾರಾಳವಾಗಿ ಬರೆಯಿರಿ. ಎಲ್ಲಿಂದ ತಿಳಿಯಿತು ಎಂದು ಹೇಳಿಬಿಡಿ. ಬೇರೆಯವರ ಹಾಡಿರುವ ವಿಡಿಯೊವನ್ನು ಯೂಟ್ಯೂಬ್‌ನಂಥ ಕಡೆ ಹಾಕಿದಾಗ ಯಂತ್ರ ತಾನಾಗಿ ತಡೆದರೆ ಅದನ್ನೇ ತೀರ್ಪು ಎಂದು ತಿಳಿಯಬೇಡಿ. ಯಂತ್ರ ದನಿಗೆ ದನಿ ಹೋಲಿಸುತ್ತದೆ. ನೀವು ಆ ಹಾಡನ್ನು ವಿಮರ್ಶೆಗೆ ತೆಗೆದುಕೊಂಡಿರಾ, ಸುಮ್ನೆ ಹಿನ್ನೆಲೆಗೆ ಹಾಕಿಕೊಂಡಿರಾ ಎಂಬುದು ಅದಕ್ಕೆ ತಿಳಿಯದು. ಕಾರಣ ಬರೆದು ಆಕ್ಷೇಪ ಸಲ್ಲಿಸಲು ದಾರಿ ಇರುತ್ತದೆ.

ಓದುವವರ ಪಾಲನ್ನು ಗಟ್ಟಿಯಾಗಿ ಹಿಡಿದ ತೀರ್ಪು ಒಂದಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದು ಪುಸ್ತಕಗಳ ಭಾಗಗಳನ್ನು ಸೇರಿಸಿ ವಿದ್ಯಾರ್ಥಿಗಳಿಗೆ ಕಟ್ಟಿಕೊಡುತ್ತಿತ್ತು. ದೊಡ್ಡ ದೊಡ್ಡ ಪ್ರಕಾಶಕರು ಮೊಕದ್ದಮೆ ಹೂಡಿದರು. 2016ರಲ್ಲಿ ದೆಹಲಿ ಹೈಕೋರ್ಟು, ಪಾಠಕ್ಕಾಗಿ ಮಾಡುವ ಪ್ರತಿಗೆ ಕಾಯ್ದೆಯಲ್ಲೇ ಜಾಗ ಇದೆ ಎಂದಿತು. ಮರುವರ್ಷ ಪ್ರಕಾಶಕರು ಮೊಕದ್ದಮೆ ಹಿಂದಕ್ಕೆ ಪಡೆದರು.

ನನಗೆ ತುಂಬ ಪ್ರಿಯವಾದದ್ದು ಮರಾಕೇಶ್ ಒಪ್ಪಂದ. ಕಣ್ಣು ಕಾಣದವರಿಗಾಗಿ 2013ರಲ್ಲಿ ದೇಶಗಳು ಸೇರಿ ಮಾಡಿಕೊಂಡದ್ದು. ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ಇಡೀ ಪುಸ್ತಕವನ್ನು, ರಟ್ಟಿನಿಂದ ರಟ್ಟಿನವರೆಗೆ, ಅನುಮತಿ ಕೇಳದೆ ಬ್ರೈಲ್‌ಗೋ ಆಡಿಯೊಗೋ ಇಳಿಸಿ ಅವರಿಗೆ ಕೊಡಲು ಅದು ದಾರಿ ಮಾಡಿತು. ಒಪ್ಪಂದ ಸೇರಿದ ದೇಶಗಳ ನಡುವೆ ಆ ಪ್ರತಿ ಗಡಿ ದಾಟಿಯೂ ಹೋಗಬಹುದು. ಅಲ್ಲಿ ಪುಟ ಎಣಿಸುವವರು ಯಾರೂ ಇಲ್ಲ.

ಈಗ ನೀವು ಕೇಳಿ. ನಿಮ್ಮ ಕೈಯಲ್ಲಿರುವ ಪುಸ್ತಕ, ಫೋಟೊ, ವಿಡಿಯೊ ಯಾವುದರ ಬಗ್ಗೆಯಾದರೂ ಸರಿ, ಒಂದೊಂದಾಗಿ ನೋಡೋಣ.