ಮೊನ್ನೆ ಎಷ್ಟಿತ್ತು? ವಿಪತ್ತಿನ ನಂತರ ಹಳೆಯ ಅಣೆಕಟ್ಟುಗಳ ತಪಾಸಣೆ

(ಇಂಜಿನಿಯರುಗಳ ದಿನಾಚರಣೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ನೀರಾವರಿ ಇಲಾಖೆಯ ಗೆಳೆಯರೇ, ಸಿವಿಲ್ ವಿಭಾಗದ ವಿದ್ಯಾರ್ಥಿಗಳೇ ಮತ್ತು ಅಚ್ಚುಕಟ್ಟಿನ ಊರುಗಳಿಂದ ಬಂದಿರುವ ರೈತ ಬಂಧುಗಳೇ,

ವಿಶ್ವೇಶ್ವರಯ್ಯನವರ ಜನ್ಮದಿನದಂದು ಅಣೆಕಟ್ಟುಗಳನ್ನು ಕಟ್ಟಿದವರನ್ನು ನೆನೆಯುವುದು ನಮ್ಮ ವಾಡಿಕೆ. ಇಂದು ನಾನು ಅವುಗಳನ್ನು ಕಾಯುವವರ ಬಗ್ಗೆ ಮಾತನಾಡುತ್ತೇನೆ. ಅದರಲ್ಲೂ ಭೂಕಂಪವೋ ಮಹಾಪೂರವೋ ಬಂದುಹೋದ ಮರುದಿನ ಬೆಳಿಗ್ಗೆ ಏರಿಯ ಮೇಲೆ ನಿಂತು, ಕೆಳಗಿನ ಊರುಗಳ ಜನರಿಗೆ 'ಮನೆಯಲ್ಲೇ ಇರಿ' ಎನ್ನಬೇಕೋ 'ಹೊರಡಿ' ಎನ್ನಬೇಕೋ ಎಂದು ನಿರ್ಧರಿಸಬೇಕಾದವರ ಬಗ್ಗೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾದ ಸಂಗತಿಯನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಅಂದು ಭೂಮಿ ನಡುಗಿರಲಿಲ್ಲ. ತುಂಬಿದ ಜಲಾಶಯದಿಂದ ಎಂದಿನಂತೆ ನೀರು ಬಿಡುತ್ತಿದ್ದ ರಾತ್ರಿ ಅದು. ಎಪ್ಪತ್ತು ವರ್ಷ ದಾಟಿದ ಅಣೆಕಟ್ಟಿನ 33 ಗೇಟುಗಳಲ್ಲಿ ಒಂದು, ಅರವತ್ತು ಅಡಿ ಅಗಲ ಮತ್ತು ಇಪ್ಪತ್ತು ಅಡಿ ಎತ್ತರದ್ದು, ಕೊಚ್ಚಿಕೊಂಡು ಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ, ವರ್ಷದ ಬೆಳೆಗೆಂದು ಕೂಡಿಟ್ಟ ನೀರನ್ನು ನದಿಗೆ ಹರಿಸಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುತ್ತಿದ್ದ ನೀರಿನಲ್ಲೇ ಸ್ಟಾಪ್ ಲಾಗ್, ಎಂದರೆ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ, ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದ ಕಾರ್ಮಿಕರಿಗೂ ತಂತ್ರಜ್ಞರಿಗೂ ಈ ನಾಡು ಋಣಿಯಾಗಿದೆ. ಆ ಮೇಲೆ ತಜ್ಞರು ಎಲ್ಲ ಗೇಟುಗಳನ್ನೂ ಬದಲಿಸಬೇಕೆಂದರು. ಸುಮಾರು 105 ಟಿಎಂಸಿ ಹಿಡಿಯಬಲ್ಲ ಜಲಾಶಯದಲ್ಲಿ 2025ರಲ್ಲಿ 80 ಟಿಎಂಸಿಗೆ ಸಂಗ್ರಹವನ್ನು ಮಿತಿಗೊಳಿಸಲಾಯಿತು. ಮುದಿ ಅಣೆಕಟ್ಟಿನ ಸ್ಥಿತಿ ನಮಗೆ ಖಚಿತವಾಗಿ ಗೊತ್ತಿಲ್ಲದಿದ್ದಾಗ ಅದರ ಬೆಲೆ ತೆರುವವರು ಕೊನೆಯ ಕಾಲುವೆಯ ರೈತರು. ಈ ಮಾತನ್ನು ನಾನು ಮತ್ತೆ ಹೇಳುತ್ತೇನೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ ಸಂಭವಿಸಿದಾಗ ನಾನು ಗಡಿಯ ಈಚೆಗಿನ ಒಂದು ಮಣ್ಣಿನ ಅಣೆಕಟ್ಟಿನಲ್ಲಿ ಸಹಾಯಕ ಇಂಜಿನಿಯರ್ ಆಗಿದ್ದೆ. ಅದರ ಹೆಸರು ಬೇಡ. ಬೆಳಕು ಹರಿಯುವ ಮೊದಲೇ ಏರಿಯ ಉದ್ದಕ್ಕೂ ನಡೆದೆವು. ಬಿರುಕು ಕಾಣಲಿಲ್ಲ, ಒಳಮುಖದ ಕಲ್ಲುಹಾಸು ಜಾರಿರಲಿಲ್ಲ, ತೂಬಿನ ಗೋಪುರ ನೆಟ್ಟಗಿತ್ತು. ಏರಿಯ ಬುಡದಲ್ಲಿ ಸೋರಿಕೆಯ ನೀರನ್ನು ಅಳೆಯುವ ವಿ-ನಾಚ್ (V ಆಕಾರದ ಕಂಡಿ) ಬಳಿ ಇಳಿದಾಗ ನೀರು ಚುರುಕಾಗಿ ಹರಿಯುತ್ತಿದ್ದುದು ಕಂಡಿತು. ತಿಳಿಯಾಗಿತ್ತು, ಆದರೆ ಹೆಚ್ಚಾದಂತೆ ತೋರುತ್ತಿತ್ತು. ಮಧ್ಯಾಹ್ನ ಬಂದ ಸೂಪರಿಂಟೆಂಡಿಂಗ್ ಇಂಜಿನಿಯರ್ ಸಾಹೇಬರು ಸ್ಕೇಲಿನಲ್ಲಿ ತಾವೇ ಅಳೆದು, ತಲೆಯೆತ್ತಿ, ಒಂದೇ ಪ್ರಶ್ನೆ ಕೇಳಿದರು: "ಮೊನ್ನೆ ಎಷ್ಟಿತ್ತು?"

ರಿಜಿಸ್ಟರ್ ತರಿಸಿದೆವು. ಜೂನ್ ತಿಂಗಳಿನಿಂದ ಆ ದಿನದವರೆಗೂ ಪ್ರತಿ ಸಾಲಿನಲ್ಲಿ ಒಂದೇ ಅಂಕಿ ಇತ್ತು, ಒಂದೇ ಶಾಯಿಯಲ್ಲಿ. ಆ ಅವಧಿಯಲ್ಲಿ ಜಲಾಶಯದ ಮಟ್ಟ ಹಲವು ಅಡಿ ಏರಿತ್ತು. ಮಟ್ಟ ಏರಿದರೆ ಸೋರಿಕೆ ಏರಲೇಬೇಕು. ಮಳೆ ಬಿದ್ದ ದಿನ ಏರಿಯ ಮೈಮೇಲಿನ ನೀರೂ ಸೇರಿಕೊಳ್ಳುತ್ತದೆ. ಅಳತೆ ಬರೆಯಬೇಕಿದ್ದ ದಿನಗೂಲಿಯವನಿಗೆ ತಿಂಗಳುಗಳಿಂದ ಕೂಲಿ ಸಿಕ್ಕಿರಲಿಲ್ಲ, ಅವನು ಕಬ್ಬಿನ ಕೆಲಸಕ್ಕೆ ಹೋಗಿದ್ದ. ಖಾನೆ ಖಾಲಿ ಬಿಡಬಾರದೆಂದು ಯಾರೋ ತುಂಬಿದ್ದರು. ಅವನ ಮೇಲೆ ನನಗೆ ಅಂದೂ ಕೋಪವಿರಲಿಲ್ಲ, ಇಂದೂ ಇಲ್ಲ. ವಿ-ನಾಚ್‌ನಲ್ಲಿ ನೀರಿನ ಮಟ್ಟ ಕಾಲು ಭಾಗ ಏರಿತೆಂದರೆ ಹರಿವು ಮುಕ್ಕಾಲು ಭಾಗ ಹೆಚ್ಚಿದೆ ಎಂದರ್ಥ. ಕಣ್ಣಿಗೆ ಬೆರಳಿನಷ್ಟು ಕಾಣುವ ವ್ಯತ್ಯಾಸ ಏರಿಯೊಳಗೆ ದೊಡ್ಡ ಬದಲಾವಣೆಯ ಸುದ್ದಿಯಾಗಿರಬಹುದು. ಅದನ್ನು ಹೇಳಬಲ್ಲ ಒಂದೇ ಒಂದು ಪುಟ ನಮ್ಮ ಬಳಿ ಇರಲಿಲ್ಲ.

ಹೀಗಾಗಿ ಸಾಹೇಬರು ಮಾಡಬಹುದಾದ ಒಂದೇ ಕೆಲಸ ಮಾಡಿದರು, ತೂಬು ತೆರೆಸಿ ನೀರಿನ ಮಟ್ಟ ಇಳಿಸಿದರು. ಹಿಂಗಾರಿ ಜೋಳಕ್ಕೆ ಹೊಲ ಹದಮಾಡಿಕೊಂಡಿದ್ದ ರೈತರು ಬಂದು, "ಯಾಕ್ರಿ ಸಾಹೇಬ್ರ, ನೀರು ಸುಮ್ಮನ ಹಳ್ಳಕ್ಕ ಬಿಡ್ಲಿಕತ್ತೀರಿ?" ಎಂದು ಕೇಳಿದರು. ಆ ಕಟ್ಟೆಗೆ ಏನಾದರೂ ಆಗಿತ್ತೇ ಇಲ್ಲವೇ ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ಅನುಮಾನದ ಮೇಲೆ ಒಂದು ಹಂಗಾಮಿನ ನೀರು ಹೋಯಿತು, ಅಷ್ಟೇ.

ನನ್ನ ವಾದವೆಲ್ಲ ಈ ಪ್ರಶ್ನೆಯಲ್ಲೇ ಇದೆ. ವಿಪತ್ತಿನ ನಂತರದ ತಪಾಸಣೆ ಎಂಬುದು ನೋಡುವ ಕೆಲಸ ಅನ್ನಿಸಿದರೂ ಅದು ಹೋಲಿಸುವ ಕೆಲಸ. ಐವತ್ತು ವರ್ಷದ ಯಾವ ಕಲ್ಲುಕಟ್ಟಡದಲ್ಲಿ ಬಿರುಕಿಲ್ಲ? ಯಾವ ಮಣ್ಣಿನ ಏರಿಯಲ್ಲಿ ಸೋರಿಕೆಯಿಲ್ಲ? ಬಿರುಕು ಹೊಸದೇ, ಸೋರಿಕೆ ಹೆಚ್ಚಾಯಿತೇ, ನಿನ್ನೆ ತಿಳಿಯಾಗಿದ್ದ ನೀರು ಇಂದು ಮಣ್ಣು ಹೊತ್ತು ಕದಡಿದೆಯೇ, ಏರಿಯ ನೆತ್ತಿ ಎಷ್ಟು ಕುಸಿದಿದೆ, ಕಟ್ಟೆಯೊಳಗಿನ ಸುರಂಗದಾರಿಯಾದ ಗ್ಯಾಲರಿಯ ಡ್ರೈನ್‌ಗಳಲ್ಲಿ ಹರಿವು ಬದಲಾಗಿದೆಯೇ, ಒಳಗಿನ ನೀರಿನ ಒತ್ತಡ ಅಳೆಯುವ ಪಿಜೋಮೀಟರಿನ ಮಟ್ಟ ಜಿಗಿದಿದೆಯೇ ಎಂಬ ಪ್ರತಿ ಪ್ರಶ್ನೆಯೂ ವಿಪತ್ತಿಗೆ ಮುಂಚಿನ ಒಂದು ಪ್ರಾಮಾಣಿಕ ಅಂಕಿಯನ್ನು ಬೇಡುತ್ತದೆ.

ನಮ್ಮ ಆಲಮಟ್ಟಿಗೆ ನೀರು ಕೊಡುವ ಕೊಯ್ನಾ ಅಣೆಕಟ್ಟನ್ನೇ ನೋಡಿ. 1967ರ ಡಿಸೆಂಬರ್ 11ರ ಭೂಕಂಪ ಅದರ ಬುಡದಲ್ಲೇ ಸಂಭವಿಸಿತು, ಕೊಯ್ನಾನಗರ ನೆಲಸಮವಾಯಿತು. ಗುರುತ್ವದ ಇಪ್ಪತ್ತನೇ ಒಂದು ಭಾಗದಷ್ಟು ಅಡ್ಡಬಲವನ್ನು ಲೆಕ್ಕಕ್ಕೆ ಹಿಡಿದು ವಿನ್ಯಾಸ ಮಾಡಿದ್ದ, 103 ಮೀಟರ್ ಎತ್ತರದ ಆ ಕಟ್ಟೆ, ಹರಿವಿನ ದಿಕ್ಕಿನಲ್ಲಿ ಬಹುಮಟ್ಟಿಗೆ ಅದರ ಹತ್ತು ಪಟ್ಟು ಕಂಪನವನ್ನು ತಾಳಿಕೊಂಡು ನಿಂತಿತು. ಎತ್ತರದ ಬ್ಲಾಕ್‌ಗಳಲ್ಲಿ, ಹಿಂಬದಿಯ ಇಳಿಜಾರು ಥಟ್ಟನೆ ಬದಲಾಗುವ ಮಟ್ಟದಲ್ಲಿ, ಎರಡೂ ಮುಖಗಳಲ್ಲಿ ಅಡ್ಡ ಬಿರುಕುಗಳು ಬಿದ್ದವು. ನಂತರ ಕಾಂಕ್ರೀಟಿನ ಆನಿಕೆಗಳನ್ನು ಕೊಟ್ಟು ಬಲಪಡಿಸಿದರು. ಕಂಪನ ಹತ್ತು ಪಟ್ಟು ಎಂದು ನಮಗೆ ಹೇಗೆ ಗೊತ್ತು? ಜಲಾಶಯ ತುಂಬತೊಡಗಿದಾಗಿನಿಂದ ಸಣ್ಣ ಕಂಪನಗಳು ಕಾಣಿಸಿಕೊಂಡಿದ್ದರಿಂದ ಅಲ್ಲಿ ಉಪಕರಣಗಳನ್ನು ಇಟ್ಟಿದ್ದರು, ಅಣೆಕಟ್ಟಿನ ಗ್ಯಾಲರಿಯೊಳಗೇ ಒಂದಿತ್ತು. ಜಗತ್ತಿನಾದ್ಯಂತ ವಿದ್ಯಾರ್ಥಿಗಳು ಇವತ್ತಿಗೂ ಕೊಯ್ನಾದ ಆ ದಾಖಲೆಯನ್ನು ಹಿಡಿದು ಅಣೆಕಟ್ಟುಗಳ ಲೆಕ್ಕ ಹಾಕುತ್ತಾರೆ. ವಿಪತ್ತಿಗೆ ಮುಂಚೆ ಇಟ್ಟ ಒಂದು ಪೆಟ್ಟಿಗೆಯ ಫಲ ಅದು.

ಈಗ ಇದಕ್ಕೆ ವಿರುದ್ಧವಾದ ಉದಾಹರಣೆ. ಕ್ಯಾಲಿಫೋರ್ನಿಯಾದ ಓರೊವಿಲ್, ಅಮೆರಿಕದ ಅತಿ ಎತ್ತರದ ಅಣೆಕಟ್ಟು, 1968ರಲ್ಲಿ ಮುಗಿದದ್ದು. ಹಣ, ಉಪಕರಣ, ಪರಿಣತರು ಯಾವುದಕ್ಕೂ ಅಲ್ಲಿ ಕೊರತೆಯಿರಲಿಲ್ಲ. 2017ರ ಫೆಬ್ರುವರಿಯ ಭಾರಿ ಮಳೆಯಲ್ಲಿ ಅದರ ಮುಖ್ಯ ಕೋಡಿಯ ಕಾಂಕ್ರೀಟ್ ಹಾಸು ಒಡೆದು ಕಂದಕವಾಯಿತು. ನೀರನ್ನು ತುರ್ತು ಕೋಡಿಯ ಮೇಲೆ ಹರಿಯಬಿಟ್ಟಾಗ ಅದರ ಕೆಳಗಿನ ಗುಡ್ಡವೇ ಕೊರೆದುಹೋಗತೊಡಗಿತು. ಫೆಬ್ರುವರಿ 12ರಂದು ಸುಮಾರು 1,88,000 ಜನರನ್ನು ಮನೆ ಬಿಡಿಸಬೇಕಾಯಿತು. ಸ್ವತಂತ್ರ ತಜ್ಞರ ತಂಡ ತನಿಖೆ ಮಾಡಿ ಮರುವರ್ಷ ಕೊಟ್ಟ ವರದಿಯನ್ನು ಇಲ್ಲಿರುವ ಪ್ರತಿ ವಿದ್ಯಾರ್ಥಿಯೂ ಓದಬೇಕೆಂದು ನನ್ನ ಆಸೆ. ಹಾಸಿನ ಬಿರುಕುಗಳು ಕಟ್ಟಿದ ಕೆಲವೇ ಸಮಯದಲ್ಲಿ ಕಾಣಿಸಿಕೊಂಡಿದ್ದವು. ಅವು ಒಳಚರಂಡಿಗಳ ಮೇಲೆ, ಹಾಸು ತೆಳುವಾಗಿದ್ದ ಕಡೆ ಬಿದ್ದಿದ್ದವು. ಕೆಳಗಿನ ಬಂಡೆ ಅಲ್ಲಲ್ಲಿ ಶಿಥಿಲವಾಗಿತ್ತು. ವರ್ಷವರ್ಷವೂ ತಪಾಸಣೆ ನಡೆಯುತ್ತಿತ್ತು, ಬಿರುಕು ಮುಚ್ಚಲಾಗುತ್ತಿತ್ತು, ಇದು ಸಹಜ ಎಂದು ಬಗೆಯಲಾಗುತ್ತಿತ್ತು. ಕಟ್ಟುವಾಗಿನ ಭೂವಿಜ್ಞಾನಿಗಳ ಟಿಪ್ಪಣಿಗಳನ್ನು, ಮೂಲ ವಿನ್ಯಾಸವನ್ನು ಹೊರತೆಗೆದು ಬಿರುಕಿನ ಪಕ್ಕದಲ್ಲಿಟ್ಟು ಯಾರೂ ಸರಿಯಾಗಿ ಓದಿರಲಿಲ್ಲ. ಕಣ್ಣಿನ ತಪಾಸಣೆಯೊಂದೇ ಸಾಲದು ಎಂದು ಆ ತಂಡ ಸ್ಪಷ್ಟವಾಗಿ ಹೇಳಿತು. ನಮ್ಮ ಗಡಿಯ ಮಣ್ಣಿನ ಏರಿಯಲ್ಲಿ ಅಂಕಿ ಇರಲಿಲ್ಲ. ಓರೊವಿಲ್‌ನಲ್ಲಿ ಕಾಗದಗಳಿದ್ದವು, ಕೇಳುವವರಿರಲಿಲ್ಲ. ಎರಡೂ ಕಡೆ ಮರುದಿನ ಬೆಳಿಗ್ಗೆ ನಿಂತವನ ಕೈ ಖಾಲಿಯೇ.

ಮುಪ್ಪಿನ ಬಗ್ಗೆ ಒಂದು ಮಾತು ಇಲ್ಲಿ ಸೇರಬೇಕು. ಕನ್ನಂಬಾಡಿಯಂಥ ಕಟ್ಟೆಗಳು ಸುಣ್ಣ ಮತ್ತು ಸುರ್ಕಿ, ಎಂದರೆ ಇಟ್ಟಿಗೆ ಪುಡಿ, ಬೆರೆಸಿದ ಗಾರೆಯಲ್ಲಿ ಕಟ್ಟಿದವು. ದಶಕಗಳ ಕಾಲ ಜಿನುಗುವ ನೀರು ಇಂಥ ಕಟ್ಟಡದ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ತರುತ್ತದೆ. ಅದೇ ಸುಣ್ಣ ಡ್ರೈನ್ ರಂಧ್ರಗಳಲ್ಲಿ ಹೆಪ್ಪುಗಟ್ಟಿ ಅವುಗಳನ್ನು ಮುಚ್ಚುತ್ತದೆ. ಆಗ ಗ್ಯಾಲರಿಯಲ್ಲಿ ಸೋರಿಕೆ ಕಡಿಮೆಯಾದಂತೆ ಕಾಣುತ್ತದೆ, ನೋಡುವವರಿಗೆ ಸಮಾಧಾನವಾಗುತ್ತದೆ, ಆದರೆ ಅಡಿಪಾಯದಲ್ಲಿ ನೀರಿನ ಮೇಲೊತ್ತಡ ಹೆಚ್ಚುತ್ತಿರುತ್ತದೆ. ಇಪ್ಪತ್ತು ವರ್ಷಗಳ ಅಂಕಿಗಳನ್ನು ಒಂದು ನಕ್ಷೆಯ ಮೇಲೆ ಗುರುತಿಸಿದವರಿಗೆ ಮಾತ್ರ ಈ ಇಳಿಕೆ ಒಳ್ಳೆಯದಲ್ಲ ಎಂದು ತಿಳಿಯುತ್ತದೆ. ದೇಶದಲ್ಲಿ ನೂರು ವರ್ಷ ದಾಟಿದ ಅಣೆಕಟ್ಟುಗಳು ಇನ್ನೂರಕ್ಕೂ ಹೆಚ್ಚಿವೆ. ಹಿರಿಯೂರಿನ ಬಳಿಯ ನಮ್ಮ ಮಾರಿಕಣಿವೆ ಅವುಗಳಲ್ಲಿ ಒಂದು. 1933ರ ನಂತರ 2022ರಲ್ಲಿ ಅದು ಕೋಡಿ ಬಿದ್ದಾಗ ನಾವೆಲ್ಲ ಬಾಗಿನ ಅರ್ಪಿಸಿದ ಚಿತ್ರಗಳನ್ನು ನೋಡಿ ಸಂತೋಷಪಟ್ಟೆವು. ಸುಮಾರು ತೊಂಬತ್ತು ವರ್ಷ ಪೂರ್ತಿ ಭಾರ ಹೊರದಿದ್ದ ಕಟ್ಟೆಗೆ ಅದು ದೊಡ್ಡ ಪರೀಕ್ಷೆಯೂ ಆಗಿತ್ತು.

ಕಾನೂನು ಈಗ ನಮ್ಮ ಪರವಾಗಿದೆ. 2021ರ ಡಿಸೆಂಬರ್ 30ರಂದು ಜಾರಿಗೆ ಬಂದ ಅಣೆಕಟ್ಟು ಸುರಕ್ಷತಾ ಕಾಯ್ದೆ, ಮಳೆಗಾಲಕ್ಕೆ ಮುಂಚೆ ಮತ್ತು ನಂತರದ ತಪಾಸಣೆಯನ್ನಷ್ಟೇ ಅಲ್ಲದೆ ಪ್ರತಿ ಪ್ರವಾಹ, ಭೂಕಂಪ ಅಥವಾ ಇತರ ವಿಪತ್ತಿನ ಸಮಯದಲ್ಲೂ ನಂತರವೂ ತಪಾಸಣೆಯನ್ನು ಕಡ್ಡಾಯ ಮಾಡಿದೆ. ಐದು ವರ್ಷಗಳೊಳಗೆ, ಎಂದರೆ 2026ರ ಡಿಸೆಂಬರ್ ಅಂತ್ಯಕ್ಕೆ, ಸ್ವತಂತ್ರ ತಜ್ಞರಿಂದ ಸಮಗ್ರ ಮೌಲ್ಯಮಾಪನ ಆಗಬೇಕೆಂದೂ ಹೇಳಿದೆ. ಆದರೆ ತಜ್ಞರು ಬಂದು ಕೇಳುವ ಮೊದಲ ಪ್ರಶ್ನೆಯೂ ಮೊನ್ನೆ ಎಷ್ಟಿತ್ತು ಎಂಬುದೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬರೆದುಕೊಂಡು ಬಂದದ್ದರಲ್ಲಿ ಅರ್ಧ ಉಳಿದಿದೆ, ಬೇಗ ಹೇಳಿಬಿಡುತ್ತೇನೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಚಾಂಗ್, ತಪ್ಪರ್, ಸುವಿ ಮೊದಲಾದ ಕಛ್‌ನ ಮಣ್ಣಿನ ಅಣೆಕಟ್ಟುಗಳ ಅಡಿಯಲ್ಲಿ ನೀರು ಹೀರಿದ ಮರಳುಮಣ್ಣು ದ್ರವದಂತಾಗಿ ಏರಿಗಳು ಜಾರಿದವು. ಬರದಿಂದಾಗಿ ಜಲಾಶಯಗಳಲ್ಲಿ ನೀರು ಕಡಿಮೆಯಿತ್ತು, ಜನ ಉಳಿದರು. ನಾವು ಸದಾ ಬರವನ್ನು ನಂಬಿ ಕೂರಲಾಗದು. ಗೇಟುಗಳ ವಿಷಯ: 1979ರಲ್ಲಿ ಮೊರ್ಬಿಯ ಮಚ್ಚು ಅಣೆಕಟ್ಟು ಒಡೆದಾಗಲೂ, 2021ರ ನವೆಂಬರ್ 19ರಂದು ಕಡಪ ಜಿಲ್ಲೆಯ ಅನ್ನಮಯ್ಯ ಅಣೆಕಟ್ಟು ಕೊಚ್ಚಿಹೋದಾಗಲೂ ಪೂರದ ಹೊತ್ತಿನಲ್ಲಿ ತೆರೆಯದ ಗೇಟುಗಳಿದ್ದವು. ಆದ್ದರಿಂದ ವಿಪತ್ತಿನ ನಂತರ ಗೇಟನ್ನು ನೋಡಿದರೆ ಸಾಲದು, ಎತ್ತಿ ಇಳಿಸಿ ನೋಡಬೇಕು, ಕರೆಂಟ್ ಇಲ್ಲದೆ ಜನರೇಟರಿನ ಮೇಲೂ ನೋಡಬೇಕು. ಮಹಾಪೂರದ ನಂತರ ಕೋಡಿಯ ಬುಡದ ಕೊರೆತವನ್ನು ಮುಳುಗುಗಾರರನ್ನು ಇಳಿಸಿ ಅಳೆಯಬೇಕು. ಒಂದು ಸಲ ನೋಡಿ ಮುಗಿಯಿತು ಎನ್ನಬಾರದು; ಏರಿಯೊಳಗೆ ನೀರು ದಾರಿ ಮಾಡಿಕೊಳ್ಳಲು ದಿನಗಳೂ ವಾರಗಳೂ ಹಿಡಿಯಬಹುದು.

ಕೊನೆಯದಾಗಿ ಒಂದು ಕೋರಿಕೆ. 2021ರಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ಭೂಮಿ ಮತ್ತೆ ಮತ್ತೆ ಕಂಪಿಸಿ ಜನ ಊರು ಬಿಟ್ಟದ್ದು ನಿಮಗೆ ನೆನಪಿರಬಹುದು. ಅದೇ ತಾಲೂಕಿನಲ್ಲಿ ಚಂದ್ರಂಪಳ್ಳಿ ಅಣೆಕಟ್ಟಿದೆ. ಇಂಥ ಸಣ್ಣ, ಹಳೆಯ ಅಣೆಕಟ್ಟುಗಳ ಕಚೇರಿಗಳಲ್ಲಿ ನಕ್ಷೆಗಳೂ ರಿಜಿಸ್ಟರುಗಳೂ ಗೆದ್ದಲು ಹಿಡಿಯುವ ಮೊದಲು, ಇಲ್ಲಿರುವ ಕಾಲೇಜುಗಳು ಇಲಾಖೆಯ ಅನುಮತಿ ಪಡೆದು ವಿದ್ಯಾರ್ಥಿಗಳನ್ನು ಕಳಿಸಿ, ಅವುಗಳ ಪ್ರತಿ ಮಾಡಿಸಿ, ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಲಿ. ಇಲಾಖೆಯ ಗೆಳೆಯರು ಅಳತೆ ಬರೆಯುವ ದಿನಗೂಲಿ ನೌಕರರ ಸಂಬಳ ತಿಂಗಳ ಮೊದಲ ವಾರದಲ್ಲೇ ಕೈಸೇರುವಂತೆ ನೋಡಿಕೊಳ್ಳಲಿ. ಈ ಎರಡನ್ನೂ ಇದೇ ಮಳೆಗಾಲ ಮುಗಿಯುವ ಮೊದಲು ಆರಂಭಿಸಬಹುದು. ಯಾವ ಕಾಲೇಜು ಯಾವ ಅಣೆಕಟ್ಟನ್ನು ವಹಿಸಿಕೊಳ್ಳುತ್ತದೆ ಎಂಬುದನ್ನು ಊಟದ ವಿರಾಮದಲ್ಲೇ ಕುಳಿತು ಬರೆದುಕೊಳ್ಳೋಣ. ನಮಸ್ಕಾರ.